ಕಿಲ್ ಕೊಟ್ಟರೂ ಮತ್ತೆ ಎದ್ದು ಬರುವ ಪ್ರೋಗ್ರಾಮ್: ಲಿನಕ್ಸ್‌ನ ಪ್ರೋಸೆಸ್, ಸರ್ವೀಸ್ ಮತ್ತು ಟರ್ಮಿನಲ್

ಯಾವುದೋ ಪ್ರೋಗ್ರಾಮ್ ಸಿಪಿಯು ತಿಂದು ಹಾಕುತ್ತಿದೆ. ಅದರ ನಂಬರ್ ಹುಡುಕಿ, ಪ್ರೋಗ್ರಾಮ್ ನಿಲ್ಲಿಸುವ ಕಿಲ್ ಅನ್ನೋ ಕಮ್ಯಾಂಡ್ ಕೊಟ್ಟಿರಿ. ಮಾಯವಾಯಿತು. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಅದೇ ಹೆಸರು, ಹೊಸ ನಂಬರ್, ಅದೇ ಹಾವಳಿ. ಮತ್ತೆ ಕಿಲ್, ಮತ್ತೆ ಇನ್ನೊಂದು ನಂಬರ್. ಲಿನಕ್ಸ್ ಸರ್ವರ್ ನೋಡಿಕೊಳ್ಳುವವರು ಒಂದಲ್ಲ ಒಂದು ದಿನ ಈ ಆಟ ಆಡಿಯೇ ಇರುತ್ತಾರೆ. ಇದರಲ್ಲಿ ಮಾಟ ಮಂತ್ರ ಏನೂ ಇಲ್ಲ. ನೀವು ಕೊಂದದ್ದು ಪ್ರೋಸೆಸ್ಸನ್ನು, ಅದನ್ನು ಓಡಿಸುತ್ತಿರುವ ಸರ್ವೀಸ್ ಹಾಗೇ ಇದೆ. ಕಳೆಯನ್ನು ಬೇರು ಬಿಟ್ಟು ಮೇಲಿಂದ ಕುಯ್ದರೆ ಏನಾಗುತ್ತದೋ ಅದೇ ಇಲ್ಲೂ ಆಗಿದೆ. ಈ ಎರಡರ ನಡುವಿನ ವ್ಯತ್ಯಾಸ ಒಮ್ಮೆ ತಲೆಗೆ ಹತ್ತಿತು ಅಂದರೆ ಮಿಕ್ಕ ಕಮ್ಯಾಂಡ್‌ಗಳನ್ನು ಬಾಯಿಪಾಠ ಮಾಡುವ ಕಷ್ಟ ಬಹಳ ಕಡಿಮೆಯಾಗುತ್ತದೆ.

ಮೊದಲು ಪ್ರೋಸೆಸ್. ಡಿಸ್ಕ್ ಮೇಲೆ ಸುಮ್ನೆ ಬಿದ್ದಿರುವ ಫೈಲ್ ಪ್ರೋಗ್ರಾಮ್. ಅದು ಓಡಲು ಶುರುವಾದರೆ ಪ್ರೋಸೆಸ್. ಪ್ರತಿ ಪ್ರೋಸೆಸ್‌ಗೂ ಒಂದು ನಂಬರ್ ಸಿಗುತ್ತದೆ, ಅದೇ ಪಿಐಡಿ. ಯಾವ ಪ್ರೋಸೆಸ್ಸೂ ತಾನಾಗಿ ಹುಟ್ಟುವುದಿಲ್ಲ, ಇನ್ನೊಂದು ಪ್ರೋಸೆಸ್ ಅದನ್ನು ಹುಟ್ಟಿಸಬೇಕು. ನೀವು ಟರ್ಮಿನಲ್‌ನಲ್ಲಿ ಏನಾದರೂ ಟೈಪ್ ಮಾಡಿ ಎಂಟರ್ ಒತ್ತಿದರೆ ಅದನ್ನು ಓದಿ ಓಡಿಸುವ ಶೆಲ್ ಅನ್ನೋ ಪ್ರೋಗ್ರಾಮೇ ಅದಕ್ಕೆ ಪೇರೆಂಟ್, ಅಂದರೆ ಹುಟ್ಟಿಸಿದ ಪ್ರೋಸೆಸ್. ಹೀಗೆ ಒಂದರ ಹಿಂದೆ ಒಂದು ಹತ್ತುತ್ತಾ ಹೋದರೆ ಕೊನೆಗೆ ಸಿಗುವುದು 1ನೇ ನಂಬರಿನ ಪ್ರೋಸೆಸ್. ಲಿನಕ್ಸ್‌ನ ತಿರುಳಾದ ಕರ್ನಲ್ ಬೂಟ್ ಆದ ಮೇಲೆ ಓಡಿಸುವ ಮೊದಲ ಪ್ರೋಗ್ರಾಮ್ ಅದು, ಇವತ್ತಿನ ಬಹುತೇಕ ಲಿನಕ್ಸ್‌ಗಳಲ್ಲಿ ಅದರ ಹೆಸರು ಸಿಸ್ಟಮ್‌ಡಿ. ಪಿಎಸ್‌ಟ್ರೀ ಅಂತ ಕೊಟ್ಟರೆ ಈ ಇಡೀ ವಂಶವೃಕ್ಷ ತೆರೆಯ ಮೇಲೆ ಬರುತ್ತದೆ, ಒಮ್ಮೆ ನೋಡಿ, ಚೆನ್ನಾಗಿರುತ್ತದೆ.

ಸರ್ವೀಸ್ ಅಂದರೆ ಪ್ರೋಸೆಸ್ ಅಲ್ಲ. ಅದು ಸಿಸ್ಟಮ್‌ಡಿಗೆ ಬರೆದುಕೊಟ್ಟ ಒಂದು ಸೂಚನೆ. ಈ ಪ್ರೋಗ್ರಾಮನ್ನು ಓಡಿಸು, ಈ ಯೂಸರ್ ಹೆಸರಿನಲ್ಲಿ ಓಡಿಸು, ಬಿದ್ದುಹೋದರೆ ಮತ್ತೆ ಎಬ್ಬಿಸು, ಮಷೀನ್ ಆನ್ ಆದಾಗ ತಾನಾಗಿ ಶುರುಮಾಡು, ಇಷ್ಟು. ಆ ಸೂಚನೆ ಜಾರಿಯಲ್ಲಿರುವಾಗ ಅದರ ಹೆಸರಿನಲ್ಲಿ ಒಂದು ಪ್ರೋಸೆಸ್ ಇರಬಹುದು, ಹತ್ತು ಇರಬಹುದು, ಕೆಲವು ಸಲ ಒಂದೂ ಇಲ್ಲದೆ ಇರಬಹುದು.

ಹಾಗಾಗಿ ಗೊತ್ತಿಲ್ಲದ ಒಂದು ಪಿಐಡಿ ಕಾಟ ಕೊಡುತ್ತಿದ್ದರೆ ಮೊದಲು ಕೇಳಬೇಕಾದ್ದು ಇದು ಯಾರ ಕೂಸು ಅಂತ. ಅದಕ್ಕೆ ಸುಲಭದ ದಾರಿ ಇದೆ, ಆದರೆ ಬಳಸುವವರು ಕಡಿಮೆ. ಸಿಸ್ಟಮ್‌ಡಿಗೆ ಮಾತು ತಲುಪಿಸುವ ಕಮ್ಯಾಂಡ್ ಸಿಸ್ಟಮ್‌ಸಿಟಿಎಲ್. ಸಿಸ್ಟಮ್‌ಸಿಟಿಎಲ್ ಸ್ಟೇಟಸ್ ಅಂತ ಹಾಕಿ ಮುಂದೆ ಸರ್ವೀಸ್ ಹೆಸರಿನ ಬದಲು ಪಿಐಡಿಯನ್ನೇ ಕೊಡಿ, ಉದಾಹರಣೆಗೆ ಸಿಸ್ಟಮ್‌ಸಿಟಿಎಲ್ ಸ್ಟೇಟಸ್ 2314. ಆ ಪ್ರೋಸೆಸ್ ಯಾವ ಸರ್ವೀಸ್‌ಗೆ ಸೇರಿದ್ದು ಅಂತ ಅದೇ ಹೇಳುತ್ತದೆ. (ಕಮ್ಯಾಂಡ್‌ಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ಟೈಪ್ ಮಾಡುವುದು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲೇ.) ಸರ್ವೀಸ್ ಹೆಸರು ಬಂದರೆ ಕಿಲ್ ಕೈಬಿಡಿ, ಸಿಸ್ಟಮ್‌ಸಿಟಿಎಲ್ ಸ್ಟಾಪ್ ಕೊಡಿ. ಸ್ಟಾಪ್ ಕೊಟ್ಟರೆ ನಿಲ್ಲಿಸಿದ್ದು ಬೇಕಂತಲೇ ಅನ್ನೋದು ಸಿಸ್ಟಮ್‌ಡಿಗೆ ಗೊತ್ತಿರುತ್ತದೆ, ಮತ್ತೆ ಎಬ್ಬಿಸಲು ಹೋಗುವುದಿಲ್ಲ.

ಓಡುತ್ತಿರುವುದನ್ನೆಲ್ಲ ನೋಡಲು ಪಿಎಸ್ ಎಯುಎಕ್ಸ್ ಮತ್ತು ಟಾಪ್ ಇವೆ. ಎರಡೂ ಸಿಪಿಯು ಶೇಕಡಾವಾರು ತೋರಿಸುತ್ತವೆ, ಆದರೆ ಎರಡೂ ಒಂದೇ ಅಲ್ಲ. ಪಿಎಸ್ ತೋರಿಸುವುದು ಆ ಪ್ರೋಸೆಸ್ ಹುಟ್ಟಿದಾಗಿನಿಂದ ಇಲ್ಲಿಯವರೆಗಿನ ಸರಾಸರಿ. ಟಾಪ್ ತೋರಿಸುವುದು ಕಳೆದ ಕೆಲವೇ ಸೆಕೆಂಡಿನ ಲೆಕ್ಕ. ಮೂರು ವಾರದಿಂದ ತಣ್ಣಗೆ ಓಡುತ್ತಿದ್ದ ಪ್ರೋಗ್ರಾಮ್ ಈಗ ಹತ್ತು ನಿಮಿಷದಿಂದ ಹುಚ್ಚೆದ್ದಿದ್ದರೆ ಪಿಎಸ್‌ನಲ್ಲಿ ಅದು ಪಾಪದ ಹಾಗೆ ಕಾಣುತ್ತದೆ, ಟಾಪ್‌ನಲ್ಲಿ ಸಿಕ್ಕಿಬೀಳುತ್ತದೆ. ಟಾಪ್‌ನಲ್ಲಿ 100ಕ್ಕಿಂತ ಜಾಸ್ತಿ ಕಂಡರೆ ಗಾಬರಿ ಬೇಡ, ಅಲ್ಲಿ 100 ಅಂದರೆ ಒಂದು ಕೋರ್ ಪೂರ್ತಿ ಅಂತ, ನಾಲ್ಕು ಕೋರ್ ಮಷೀನಿನಲ್ಲಿ 400ರವರೆಗೂ ಹೋಗಬಹುದು. ದೊಡ್ಡಕ್ಷರದ ಪಿ ಒತ್ತಿದರೆ ಸಿಪಿಯು ಪ್ರಕಾರ, ದೊಡ್ಡಕ್ಷರದ ಎಂ ಒತ್ತಿದರೆ ಮೆಮೊರಿ ಪ್ರಕಾರ ಪಟ್ಟಿ ಜೋಡಣೆಯಾಗುತ್ತದೆ. ಹೆಸರಿನಿಂದ ಪಿಐಡಿ ಹುಡುಕಬೇಕಾದರೆ ಪಿಗ್ರೆಪ್ ಸಾಕು. ಅದು ನೋಡುವುದು ಹೆಸರಿನ ಮೊದಲ 15 ಅಕ್ಷರ ಮಾತ್ರ, ಉದ್ದ ಹೆಸರು ಸಿಗದೇ ಇದ್ದರೆ -ಎಫ್ ಸೇರಿಸಿ, ಆಗ ಪೂರ್ತಿ ಕಮ್ಯಾಂಡ್ ಸಾಲಿನಲ್ಲೇ ಹುಡುಕುತ್ತದೆ.

ಪಿಎಸ್ ಪಟ್ಟಿಯಲ್ಲಿ ಸ್ಟ್ಯಾಟ್ ಅನ್ನೋ ಕಾಲಂ ಇದೆ, ಅದರ ಅಕ್ಷರಗಳಿಗೆ ಗಮನ ಕೊಡಿ. ಆರ್ ಅಂದರೆ ಓಡುತ್ತಿದೆ, ಎಸ್ ಅಂದರೆ ಮಲಗಿದೆ, ಟಿ ಅಂದರೆ ಯಾರೋ ನಿಲ್ಲಿಸಿ ಇಟ್ಟಿದ್ದಾರೆ. ಸಾಮಾನ್ಯವಾಗಿ ಎಸ್‌ಗಳೇ ತುಂಬಿರುತ್ತವೆ. ತಲೆನೋವು ತರುವುದು ಜೆಡ್ ಮತ್ತು ಡಿ.

ಜೆಡ್ ಅಂದರೆ ಜೋಂಬಿ. ಪ್ರೋಸೆಸ್ ಸತ್ತಾಗಿದೆ, ಆದರೆ ಅದು ಹೇಗೆ ಮುಗಿಯಿತು ಅನ್ನೋ ವರದಿಯನ್ನು ಪೇರೆಂಟ್ ಇನ್ನೂ ತೆಗೆದುಕೊಂಡಿಲ್ಲ. ಅದರ ಮೆಮೊರಿಯೆಲ್ಲ ಆಗಲೇ ಬಿಡುಗಡೆಯಾಗಿರುತ್ತದೆ, ಪಟ್ಟಿಯಲ್ಲಿ ಒಂದು ಸಾಲು ಉಳಿದಿರುತ್ತದೆ ಅಷ್ಟೆ. ಸತ್ತದ್ದನ್ನು ಮತ್ತೆ ಕೊಲ್ಲಲು ಆಗಲ್ಲ, ಅಲ್ವಾ. ಒಂದೆರಡು ಇದ್ದರೆ ಸುಮ್ಮನಿರಿ. ನೂರಾರು ಇದ್ದರೆ ತಪ್ಪು ಪೇರೆಂಟ್‌ನದು. ಅದನ್ನು ನಿಲ್ಲಿಸಿದರೆ ಅನಾಥವಾದ ಜೋಂಬಿಗಳನ್ನು ಸಾಮಾನ್ಯವಾಗಿ 1ನೇ ನಂಬರ್ ತೆಗೆದುಕೊಂಡು ಗುಡಿಸಿಹಾಕುತ್ತದೆ.

ಡಿ ಇನ್ನೂ ಹಠಮಾರಿ. ಪ್ರೋಸೆಸ್ ಕರ್ನಲ್ ಒಳಗೆ ಡಿಸ್ಕ್‌ಗೋ ನೆಟ್‌ವರ್ಕ್ ಫೈಲ್ ಸಿಸ್ಟಮ್‌ಗೋ ಕಾಯುತ್ತಾ ನಿಂತಿದೆ, ಯಾರು ಕರೆದರೂ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿಲ್ಲ. ಕಿಲ್ -9 ಅನ್ನೋ ಬಲವಂತದ ಕಿಲ್ ಕೂಡ ಇಲ್ಲಿ ಸಾಮಾನ್ಯವಾಗಿ ನಡೆಯುವುದಿಲ್ಲ. ಲಿನಕ್ಸ್‌ನಲ್ಲಿ ಲೋಡ್ ಆವರೇಜ್ (ಮಷೀನ್ ಮೇಲೆ ಸರಾಸರಿ ಎಷ್ಟು ಪ್ರೋಸೆಸ್‌ಗಳ ಹೊರೆ ಇದೆ ಅನ್ನೋ ಅಂಕಿ) ಲೆಕ್ಕಕ್ಕೆ ಇವೂ ಸೇರುತ್ತವೆ, ಹಾಗಾಗಿ ಸಿಪಿಯು ಖಾಲಿ ಹೊಡೆಯುತ್ತಿದ್ದರೂ ಲೋಡ್ 40 ಅಂತ ತೋರಿಸಿದರೆ ಡಿಸ್ಕ್ ಕಡೆ ಅಥವಾ ಕೈಕೊಟ್ಟ ನೆಟ್‌ವರ್ಕ್ ಶೇರ್ ಕಡೆ ನೋಡಿ. ಪ್ರೋಸೆಸ್ ಕೊಲ್ಲುವ ಪ್ರಯತ್ನ ಬಿಡಿ.

ಈಗ ಕಿಲ್‌ಗೆ ಬರೋಣ. ಹೆಸರು ಭಯಂಕರ, ಕೆಲಸ ಮಾತ್ರ ಒಂದು ಸಿಗ್ನಲ್ ಕಳಿಸುವುದು. ನಂಬರ್ ಏನೂ ಹೇಳದೆ ಕಿಲ್ ಕೊಟ್ಟರೆ ಹೋಗುವುದು 15, ಅಂದರೆ ಟರ್ಮ್. ಇದು ವಿನಂತಿ. ಪ್ರೋಗ್ರಾಮ್ ಅದನ್ನು ಕೇಳಿಸಿಕೊಂಡು, ಕೈಯಲ್ಲಿದ್ದ ಕೆಲಸ ಮುಗಿಸಿ, ಡಿಸ್ಕ್‌ಗೆ ಬರೆಯಬೇಕಾದ್ದು ಬರೆದು, ಲಾಕ್ ಫೈಲ್ ಅಳಿಸಿ ಹೊರಡಬಹುದು, ಬೇಡ ಅಂದರೆ ಕಿವುಡನ ಹಾಗೆ ಕೂರಲೂಬಹುದು. 9 ಅಂದರೆ ವಿನಂತಿ ಇಲ್ಲ. ಅದು ಪ್ರೋಗ್ರಾಮ್ ಕೈಗೆ ಸಿಗುವುದೇ ಇಲ್ಲ, ಕರ್ನಲ್ ನೇರವಾಗಿ ಎತ್ತಿಬಿಡುತ್ತದೆ. ಡೇಟಾಬೇಸ್ ಅರ್ಧ ಬರೆದಿದ್ದರೆ ಅರ್ಧವೇ. ಮೊದಲೇ -9 ಟೈಪ್ ಮಾಡುವ ಚಟ ಅನೇಕರಿಗಿದೆ, ನನ್ನ ಪ್ರಕಾರ ಅದು ಕೆಟ್ಟ ಚಟ. 15 ಕೊಡಿ, ಹತ್ತಿಪ್ಪತ್ತು ಸೆಕೆಂಡ್ ಕಾಯಿರಿ, ಆಮೇಲೂ ಕೂತಿದ್ದರೆ 9. ಕಂಟ್ರೋಲ್ ಸಿ ಒತ್ತಿದಾಗ ಹೋಗುವುದು 2ನೇ ಸಿಗ್ನಲ್, ಕಂಟ್ರೋಲ್ ಜೆಡ್ ಕೊಲ್ಲುವುದಿಲ್ಲ, ನಿಲ್ಲಿಸಿ ಇಡುತ್ತದೆ ಅಷ್ಟೆ. ಎಫ್‌ಜಿ ಕೊಟ್ಟರೆ ಮತ್ತೆ ಮುಂದಕ್ಕೆ ಬರುತ್ತದೆ, ಬಿಜಿ ಕೊಟ್ಟರೆ ಹಿನ್ನೆಲೆಯಲ್ಲಿ ಮುಂದುವರಿಯುತ್ತದೆ. 1ನೇ ಸಿಗ್ನಲ್ ಹಪ್, ಟರ್ಮಿನಲ್ ಮುಚ್ಚಿದಾಗ ಹೋಗುವುದು ಇದೇ. ಆದರೆ ವೆಬ್ ಸರ್ವರ್ ಎಂಜಿನ್‌ಎಕ್ಸ್‌ನಂಥ ಬಹಳಷ್ಟು ಸರ್ವರ್ ಪ್ರೋಗ್ರಾಮ್‌ಗಳು ಇದನ್ನು ಕಾನ್ಫಿಗ್ (ಸೆಟ್ಟಿಂಗ್ಸ್ ಫೈಲ್) ಮತ್ತೆ ಓದು ಅಂತ ಅರ್ಥಮಾಡಿಕೊಳ್ಳುತ್ತವೆ. ಇನ್ನು ಕಿಲ್‌ಆಲ್. ಲಿನಕ್ಸ್‌ನಲ್ಲಿ ಅದು ಹೇಳಿದ ಹೆಸರಿನವನ್ನು ಮಾತ್ರ ಮುಟ್ಟುತ್ತದೆ, ಸೊಲಾರಿಸ್‌ನಲ್ಲಿ ಅದೇ ಹೆಸರಿನ ಕಮ್ಯಾಂಡ್ ನಿಜವಾಗಿಯೂ ಎಲ್ಲವನ್ನೂ ಕೊಲ್ಲುತ್ತದೆ. ಹಳೆಯ ಯೂನಿಕ್ಸ್ ಮಷೀನ್ ಎದುರು ಕೂತಾಗ ಇದು ನೆನಪಿರಲಿ.

ಸರ್ವೀಸ್‌ಗಳ ಕಡೆ ಹೋಗೋಣ. ಹಿಂದೆ ಪ್ರತಿ ಸರ್ವೀಸ್‌ಗೂ ಒಂದೊಂದು ಶೆಲ್ ಸ್ಕ್ರಿಪ್ಟ್ ಇರುತ್ತಿತ್ತು. ಪಿಐಡಿಯನ್ನು ಒಂದು ಫೈಲಿನಲ್ಲಿ ಬರೆದಿಟ್ಟು, ನಿಲ್ಲಿಸುವಾಗ ಅದನ್ನು ಓದಿ ಕಿಲ್ ಮಾಡುತ್ತಿದ್ದವು. ಫೈಲ್ ಹಳೆಯದಾಗಿ, ಆ ನಂಬರ್ ಬೇರೆ ಯಾರಿಗೋ ಸಿಕ್ಕಿದ್ದರೆ ಏನಾಗುತ್ತದೆ ಅಂತ ಊಹಿಸಿ. 2010ರಲ್ಲಿ ಲೆನ್ನಾರ್ಟ್ ಪೋಟರಿಂಗ್ ಮತ್ತು ಕೇ ಸೀವರ್ಸ್ ಸಿಸ್ಟಮ್‌ಡಿ ಶುರುಮಾಡಿದರು, 2011ರಲ್ಲಿ ಫೆಡೋರಾ 15 ಅದನ್ನು ಒಪ್ಪಿಕೊಂಡಿತು, 2015ರಲ್ಲಿ ಡೆಬಿಯನ್ 8 ಮತ್ತು ಉಬುಂಟು 15.04 ಕೂಡ ಅದೇ ದಾರಿ ಹಿಡಿದವು. ಜಗಳ ಆಗ ಜೋರಾಗಿಯೇ ನಡೆಯಿತು. ಆದರೆ ಒಂದು ವಿಷಯದಲ್ಲಿ ಸಿಸ್ಟಮ್‌ಡಿ ನಿಜಕ್ಕೂ ಒಳ್ಳೆಯದು ಮಾಡಿದೆ. ಒಂದು ಸರ್ವೀಸ್‌ನ ಎಲ್ಲ ಪ್ರೋಸೆಸ್‌ಗಳನ್ನೂ ಕರ್ನಲ್‌ನ ಸಿಗ್ರೂಪ್ ಅನ್ನೋ ಗುಂಪಿನಲ್ಲಿ ಇಡುತ್ತದೆ. ಮಗ, ಮೊಮ್ಮಗ ಎಲ್ಲರೂ ಅದೇ ಗುಂಪಿನಲ್ಲಿ ಉಳಿಯುತ್ತಾರೆ, ನಿಲ್ಲಿಸು ಅಂದಾಗ ಯಾರೂ ತಪ್ಪಿಸಿಕೊಳ್ಳುವುದಿಲ್ಲ.

ಸಿಸ್ಟಮ್‌ಸಿಟಿಎಲ್ ಸ್ಟೇಟಸ್ ಎಂಜಿನ್‌ಎಕ್ಸ್ ಅಂತ ಕೊಟ್ಟಾಗ ಬರುವ ಸಾಲುಗಳನ್ನು ನಿಧಾನವಾಗಿ ಓದಿ. ಜನ ಹಸಿರು ಚುಕ್ಕೆ ನೋಡಿ ಮುಚ್ಚಿಬಿಡುತ್ತಾರೆ. ಲೋಡೆಡ್ ಅನ್ನೋ ಸಾಲಿನಲ್ಲಿ ಸೂಚನೆಯ ಫೈಲ್ ಎಲ್ಲಿದೆ ಅಂತ ಇರುತ್ತದೆ, ಅದರ ಪಕ್ಕದಲ್ಲೇ ಎನೇಬಲ್ಡ್ ಅಥವಾ ಡಿಸೇಬಲ್ಡ್. ಆಕ್ಟಿವ್ ಅನ್ನೋ ಸಾಲಿನಲ್ಲಿ ಈಗ ಓಡುತ್ತಿದೆಯಾ, ಯಾವಾಗಿನಿಂದ. ಈ ಸಮಯವನ್ನು ನೋಡಲೇಬೇಕು. ಯಾರೂ ಮುಟ್ಟದ ಸರ್ವೀಸ್ 12 ಸೆಕೆಂಡ್ ಹಿಂದಷ್ಟೇ ಶುರುವಾಗಿದೆ ಅಂತಿದ್ದರೆ ಅದು ಬಿದ್ದು ಬಿದ್ದು ಏಳುತ್ತಿದೆ ಅಂತಲೇ ಲೆಕ್ಕ, ಚುಕ್ಕೆ ಎಷ್ಟೇ ಹಸಿರಾಗಿರಲಿ. ಅದರ ಕೆಳಗೆ ಮುಖ್ಯ ಪಿಐಡಿ, ಮೆಮೊರಿ, ಗುಂಪಿನಲ್ಲಿರುವ ಪ್ರೋಸೆಸ್‌ಗಳು, ಕೊನೆಯಲ್ಲಿ ಲಾಗ್‌ನ ಕೆಲವು ಸಾಲು.

ಮೇಲಿನ ಎರಡು ಸಾಲುಗಳಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗೆ ಉತ್ತರ ಇದೆ. ಈಗ ಓಡುತ್ತಿದೆಯಾ ಅನ್ನೋದು ಒಂದು, ಮುಂದಿನ ಸಲ ಮಷೀನ್ ಆನ್ ಆದಾಗ ತಾನಾಗಿ ಓಡುತ್ತದಾ ಅನ್ನೋದು ಇನ್ನೊಂದು. ಸ್ಟಾರ್ಟ್, ಸ್ಟಾಪ್ ಮೊದಲನೆಯದಕ್ಕೆ. ಎನೇಬಲ್, ಡಿಸೇಬಲ್ ಎರಡನೆಯದಕ್ಕೆ. ಸ್ಟಾರ್ಟ್ ಮಾಡಿ ಎನೇಬಲ್ ಮಾಡದೇ ಬಿಟ್ಟದ್ದು ತಿಂಗಳುಗಟ್ಟಲೆ ಗೊತ್ತೇ ಆಗುವುದಿಲ್ಲ, ಯಾವುದೋ ರಾತ್ರಿ ಮಷೀನ್ ರೀಬೂಟ್ ಆದಾಗಲೇ ಬೆಳಕಿಗೆ ಬರುವುದು. ಎರಡೂ ಒಟ್ಟಿಗೆ ಬೇಕಿದ್ದರೆ ಎನೇಬಲ್ --ನೌ. ಡಿಸೇಬಲ್ ಮಾಡಿದರೂ ಸರ್ವೀಸ್ ಏಳುತ್ತಿದ್ದರೆ ಬೇರೆ ಯಾವುದೋ ಸರ್ವೀಸ್ ಅಥವಾ ಸಾಕೆಟ್ (ಕನೆಕ್ಷನ್ ಬರುವ ಬಾಗಿಲು) ಅದನ್ನು ಕರೆಯುತ್ತಿರುತ್ತದೆ. ಯಾರು ಕರೆದರೂ ಏಳಬಾರದು ಅಂದರೆ ಮಾಸ್ಕ್ ಮಾಡಿ.

ರೀಸ್ಟಾರ್ಟ್, ರೀಲೋಡ್, ಡೀಮನ್-ರೀಲೋಡ್ ಮೂರನ್ನೂ ಕಲಸಿಕೊಳ್ಳುವವರು ಬಹಳ. ರೀಸ್ಟಾರ್ಟ್ ಅಂದರೆ ನಿಲ್ಲಿಸಿ ಮತ್ತೆ ಶುರು. ರೀಲೋಡ್ ಅಂದರೆ ಓಡುತ್ತಿರುವ ಪ್ರೋಗ್ರಾಮ್ ನಿಲ್ಲದೆ ತನ್ನ ಕಾನ್ಫಿಗ್ ಮತ್ತೆ ಓದುವುದು, ಆ ಪ್ರೋಗ್ರಾಮ್‌ಗೆ ಅದು ಬರುತ್ತಿದ್ದರೆ ಮಾತ್ರ. ಡೀಮನ್-ರೀಲೋಡ್‌ಗೂ ನಿಮ್ಮ ಪ್ರೋಗ್ರಾಮ್‌ಗೂ ಸಂಬಂಧವೇ ಇಲ್ಲ, ಅದು ಸಿಸ್ಟಮ್‌ಡಿಗೆ ಸೂಚನೆಯ ಫೈಲ್‌ಗಳನ್ನು ಮತ್ತೆ ಓದು ಅನ್ನುವುದು. ಸರ್ವೀಸ್ ಫೈಲ್ ಬದಲಿಸಿದ ಮೇಲೆ ಇದನ್ನು ಕೊಡದೆ ರೀಸ್ಟಾರ್ಟ್ ಮಾಡಿದರೆ ಹಳೆಯ ಸೂಚನೆಯೇ ಓಡುತ್ತದೆ. ದೂರದ ಮಷೀನಿನಲ್ಲಿ, ಅಲ್ಲಿಗೆ ಲಾಗಿನ್ ಆಗಲು ಬಿಡುವ ಎಸ್‌ಎಸ್‌ಎಚ್ ಸರ್ವೀಸ್ ಮುಟ್ಟುವಾಗಂತೂ ಎಸ್‌ಎಸ್‌ಎಚ್‌ಡಿ -ಟಿ ಕೊಟ್ಟು ಕಾನ್ಫಿಗ್ ಸರಿಯಿದೆಯಾ ನೋಡಿ, ಇರುವ ಕನೆಕ್ಷನ್ ಮುಚ್ಚದೆ ಇನ್ನೊಂದು ಟರ್ಮಿನಲ್‌ನಿಂದ ಲಾಗಿನ್ ಆಗುತ್ತದಾ ಪರೀಕ್ಷಿಸಿ.

ನಿಮ್ಮದೇ ಪ್ರೋಗ್ರಾಮನ್ನು ಸರ್ವೀಸ್ ಮಾಡುವುದು ಕಷ್ಟ ಇಲ್ಲ. /ಇಟಿಸಿ/ಸಿಸ್ಟಮ್‌ಡಿ/ಸಿಸ್ಟಮ್ ಒಳಗೆ ಒಂದು ಫೈಲ್, ಅದರಲ್ಲಿ ಎಕ್ಸೆಕ್‌ಸ್ಟಾರ್ಟ್ (ಏನು ಓಡಿಸಬೇಕು), ಯೂಸರ್ (ಯಾರ ಹೆಸರಿನಲ್ಲಿ), ರೀಸ್ಟಾರ್ಟ್ (ಬಿದ್ದರೆ ಎಬ್ಬಿಸಬೇಕಾ), ವಾಂಟೆಡ್‌ಬೈ (ಎನೇಬಲ್ ಮಾಡಿದಾಗ ಯಾವುದರ ಜೊತೆ ಶುರುವಾಗಬೇಕು), ಹತ್ತು ಸಾಲಿನ ಒಳಗೆ ಮುಗಿಯುತ್ತದೆ. ಪ್ಯಾಕೇಜ್ ಜೊತೆ ಬಂದ ಫೈಲ್‌ಗಳು /ಯುಎಸ್‌ಆರ್/ಲಿಬ್ ಕಡೆ ಇರುತ್ತವೆ. ಅವನ್ನು ನೇರವಾಗಿ ತಿದ್ದಬೇಡಿ, ಅಪ್‌ಡೇಟ್ ಬಂದಾಗ ಅಳಿಸಿಹೋಗುತ್ತದೆ. ಸಿಸ್ಟಮ್‌ಸಿಟಿಎಲ್ ಎಡಿಟ್ ಕೊಟ್ಟರೆ ನಿಮ್ಮ ಬದಲಾವಣೆ ಮಾತ್ರ ಬೇರೆ ಫೈಲಿನಲ್ಲಿ ಕೂರುತ್ತದೆ.

ಕೈಯಲ್ಲಿ ಓಡಿಸಿದರೆ ಓಡುತ್ತದೆ, ಸರ್ವೀಸ್ ಮಾಡಿದರೆ ಬೀಳುತ್ತದೆ. ಈ ದೂರು ಬಹಳ ಸಾಮಾನ್ಯ. ಕಾರಣ ನಿಮ್ಮ ಶೆಲ್ ಅಲ್ಲಿ ಇಲ್ಲ. ನೀವು ಲಾಗಿನ್ ಆದಾಗ ಶೆಲ್ ಹತ್ತಾರು ಎನ್ವಿರಾನ್ಮೆಂಟ್ ವೇರಿಯಬಲ್‌ಗಳನ್ನು (ಪ್ರೋಗ್ರಾಮ್‌ಗಳು ಓದಿಕೊಳ್ಳುವ ಹೆಸರು-ಬೆಲೆಗಳನ್ನು) ಹೊಂದಿಸಿರುತ್ತದೆ, ಪ್ರೋಗ್ರಾಮ್‌ಗಳನ್ನು ಹುಡುಕುವ ಜಾಗಗಳ ಪಟ್ಟಿಯಾದ ಪಾಥ್ ಉದ್ದ ಮಾಡಿರುತ್ತದೆ, ನೀವು ಪ್ರಾಜೆಕ್ಟ್ ಫೋಲ್ಡರ್ ಒಳಗೆ ನಿಂತಿರುತ್ತೀರಿ. ಸಿಸ್ಟಮ್‌ಡಿ ಇದ್ಯಾವುದನ್ನೂ ಓದುವುದಿಲ್ಲ. ಅದು ನಿಲ್ಲುವುದು ರೂಟ್ ಡೈರೆಕ್ಟರಿಯಲ್ಲಿ, ಹಾಗಾಗಿ ಪಕ್ಕದಲ್ಲೇ ಇದ್ದ ಕಾನ್ಫಿಗ್ ಫೈಲ್ ಅದಕ್ಕೆ ಕಾಣುವುದಿಲ್ಲ. ವರ್ಕಿಂಗ್‌ಡೈರೆಕ್ಟರಿ ಹೇಳಿ, ಬೇಕಾದ ವೇರಿಯಬಲ್‌ಗಳನ್ನು ಎನ್ವಿರಾನ್ಮೆಂಟ್ ಸಾಲಿನಲ್ಲಿ ಕೊಡಿ, ಪ್ರೋಗ್ರಾಮ್ ಫೈಲ್ ಇರುವ ಜಾಗವನ್ನು ಪೂರ್ತಿ ಬರೆಯಿರಿ. ಎಕ್ಸೆಕ್‌ಸ್ಟಾರ್ಟ್ ಸಾಲಿನಲ್ಲಿ ಪೈಪ್ ಹಾಕುವುದು, ಔಟ್‌ಪುಟ್ಟನ್ನು ಫೈಲಿಗೆ ತಿರುಗಿಸುವುದು ಇವೆಲ್ಲ ನಡೆಯುವುದಿಲ್ಲ, ಅವು ಶೆಲ್‌ನ ಕೆಲಸ. ಬಿದ್ದಾಗ ಸ್ಟೇಟಸ್‌ನಲ್ಲಿ ಬರುವ ನಂಬರ್ ಕೂಡ ಸುಳಿವು ಕೊಡುತ್ತದೆ. 203 ಅಂದರೆ ಫೈಲನ್ನು ಓಡಿಸಲೇ ಆಗಲಿಲ್ಲ, ಪಾಥ್ ತಪ್ಪಿರಬಹುದು, ಪರ್ಮಿಷನ್ ಇಲ್ಲದಿರಬಹುದು, ಸ್ಕ್ರಿಪ್ಟ್‌ನ ಮೊದಲ ಸಾಲು ಸರಿ ಇಲ್ಲದಿರಬಹುದು. 217 ಅಂದರೆ ಯೂಸರ್ ವಿಷಯದಲ್ಲಿ ಎಡವಟ್ಟು, ಹೆಚ್ಚಾಗಿ ಆ ಹೆಸರಿನ ಯೂಸರೇ ಇರುವುದಿಲ್ಲ. 200 ಅಂದರೆ ಹೇಳಿದ ಡೈರೆಕ್ಟರಿಗೆ ಹೋಗಲು ಆಗಲಿಲ್ಲ.

ಇನ್ನೊಂದು ಮಾತು. ಸ್ಟಾರ್ಟ್ ಕೊಟ್ಟಾಗ ಏನೂ ಬೈಯದೆ ಪ್ರಾಂಪ್ಟ್ ವಾಪಸ್ ಬಂತು ಅಂದರೆ ಓಡುತ್ತಿದೆ ಅಂತಲ್ಲ. ಸರ್ವೀಸ್ ಫೈಲಿನಲ್ಲಿ ಟೈಪ್ ಅನ್ನೋದು ಸಿಂಪಲ್ ಆಗಿದ್ದರೆ, ಏನೂ ಹೇಳದೇ ಇದ್ದಾಗ ಸಾಮಾನ್ಯವಾಗಿ ಅದೇ, ಪ್ರೋಸೆಸ್ ಹುಟ್ಟಿದ ತಕ್ಷಣ ಸಿಸ್ಟಮ್‌ಡಿ ಕೆಲಸ ಆಯಿತು ಅಂದುಕೊಳ್ಳುತ್ತದೆ. ಮರುಕ್ಷಣ ಸತ್ತರೂ ನಿಮಗೆ ಹೇಳುವುದಿಲ್ಲ. ಸ್ಟಾರ್ಟ್ ಆದ ಮೇಲೆ ಒಮ್ಮೆ ಸ್ಟೇಟಸ್ ನೋಡುವುದನ್ನು ಅಭ್ಯಾಸ ಮಾಡಿಕೊಳ್ಳಿ.

ಸರ್ವೀಸ್ ಫೈಲಿನ ರೀಸ್ಟಾರ್ಟ್ ಸಾಲಿನಲ್ಲಿ ಆಲ್ವೇಸ್ ಅಂತ ಬರೆದಿದ್ದರೆ ಹೇಗೆ ಸತ್ತರೂ ಎಬ್ಬಿಸುತ್ತದೆ, ಸ್ಟಾಪ್ ಕೊಟ್ಟಾಗ ಬಿಟ್ಟು. ಆನ್-ಫೇಲ್ಯೂರ್ ಅಂತಿದ್ದರೆ ಸ್ವಲ್ಪ ಸೂಕ್ಷ್ಮ. ಸಿಸ್ಟಮ್‌ಡಿ 1, 2, 13, 15 ಈ ನಾಲ್ಕು ಸಿಗ್ನಲ್‌ಗಳಿಂದ ಬಂದ ಸಾವನ್ನು ಸಹಜ ಸಾವು ಅಂತ ನೋಡುತ್ತದೆ. ಅಂದರೆ ಅಂಥ ಸರ್ವೀಸ್‌ನ ಮುಖ್ಯ ಪ್ರೋಸೆಸ್‌ಗೆ ಸುಮ್ನೆ ಕಿಲ್ ಕೊಟ್ಟು ಅದು 15ಕ್ಕೆ ಮರ್ಯಾದೆಯಾಗಿ ಹೋದರೆ ಮತ್ತೆ ಏಳುವುದಿಲ್ಲ, ಕಿಲ್ -9 ಕೊಟ್ಟರೆ ಏಳುತ್ತದೆ! ಜೋರಾಗಿ ಹೊಡೆದಷ್ಟೂ ಬೇಗ ಎದ್ದು ಬರುತ್ತದೆ ಅಂತ ಅನ್ನಿಸುವುದು ಇದಕ್ಕೇ. ಹಾಗಂತ ಕೊನೆಯಿಲ್ಲದೆ ಎಬ್ಬಿಸುವುದಿಲ್ಲ, ಬೇರೆ ಹೇಳದಿದ್ದರೆ 10 ಸೆಕೆಂಡಿನಲ್ಲಿ 5 ಸಲ ಶುರುಮಾಡಿ ನೋಡಿ ಕೈಚೆಲ್ಲುತ್ತದೆ. ಆಮೇಲೆ ನೀವು ತಪ್ಪು ಸರಿಮಾಡಿದರೂ ಸ್ಟಾರ್ಟ್ ತಕ್ಷಣ ಕೆಲಸ ಮಾಡದೇ ಇರಬಹುದು, ರೀಸೆಟ್-ಫೇಲ್ಡ್ ಕೊಟ್ಟು ಮತ್ತೆ ಪ್ರಯತ್ನಿಸಿ. ಮಷೀನ್ ಆಫ್ ಆಗುವಾಗ ಸ್ಟಾಪ್ ಜಾಬ್ ಅಂತ ಒಂದೂವರೆ ನಿಮಿಷ ಎಣಿಸುತ್ತಾ ಕೂರುವುದನ್ನು ನೋಡಿದ್ದೀರಲ್ಲ, ಅದೂ ಇದೇ ಲೆಕ್ಕ. 15 ಕಳಿಸಿ 90 ಸೆಕೆಂಡ್ ಕಾದು ಆಮೇಲೆ 9.

ಲಾಗ್ ನೋಡಲು ಜರ್ನಲ್‌ಸಿಟಿಎಲ್ -ಯು, ಮುಂದೆ ಸರ್ವೀಸ್ ಹೆಸರು. -ಎಫ್ ಹಾಕಿದರೆ ಬರುತ್ತಿದ್ದ ಹಾಗೇ ತೋರಿಸುತ್ತದೆ, -ಬಿ ಹಾಕಿದರೆ ಈ ಬೂಟ್‌ನದು ಮಾತ್ರ. ಪೋರ್ಟ್ ಆಗಲೇ ಬಳಕೆಯಲ್ಲಿದೆ ಅಂತ ಲಾಗ್ ಹೇಳಿದರೆ ರೂಟ್ ಆಗಿ ಎಸ್‌ಎಸ್ -ಎಲ್‌ಟಿಎನ್‌ಪಿ ಕೊಡಿ, ಯಾವ ಪಿಐಡಿ ಅದನ್ನು ಹಿಡಿದು ಕೂತಿದೆ ಅಂತ ಗೊತ್ತಾಗುತ್ತದೆ. ಟರ್ಮಿನಲ್ ಮುಚ್ಚಿದರೂ ಓಡಬೇಕಾದ ಒಂದು ಸಲದ ಕೆಲಸಕ್ಕೆ ನೋಹಪ್ ಸಾಕು, ದಿನವೂ ಬೇಕಾದ್ದಕ್ಕೆ ಸರ್ವೀಸ್ ಬರೆಯಿರಿ.

ಲಾಗ್‌ನಲ್ಲಿ ಪ್ರೋಗ್ರಾಮ್ ಏನೂ ಹೇಳದೆ ಹಠಾತ್ತಾಗಿ ಸತ್ತಿದ್ದರೆ, ಸ್ಟೇಟಸ್‌ನಲ್ಲಿ ಕಿಲ್ಡ್, 9 ಅಂತ ಇದ್ದರೆ, ಅಥವಾ ಸ್ಕ್ರಿಪ್ಟ್ ಒಂದು 137 ಅನ್ನೋ ಎಕ್ಸಿಟ್ ಕೋಡ್ ಕೊಟ್ಟಿದ್ದರೆ (128ಕ್ಕೆ 9 ಕೂಡಿಸಿ) ಯಾರೋ ಅದಕ್ಕೆ 9 ಕಳಿಸಿದ್ದಾರೆ. ನೀವಲ್ಲ ಅಂದರೆ ಹೆಚ್ಚಿನ ಸಲ ಕರ್ನಲ್ಲೇ. ಮೆಮೊರಿ ಖಾಲಿಯಾದಾಗ ಅದು ಒಂದನ್ನು ಆರಿಸಿ ಕೊಲ್ಲುತ್ತದೆ, ಬಲಿಯಾಗುವುದು ಮೆಮೊರಿ ಸೋರಿಸಿದವನೇ ಆಗಬೇಕು ಅಂತೇನಿಲ್ಲ, ಪಕ್ಕದಲ್ಲಿ ತೆಪ್ಪಗಿದ್ದ ದೊಡ್ಡ ಡೇಟಾಬೇಸ್ ಕೂಡ ಆಗಬಹುದು. ಜರ್ನಲ್‌ಸಿಟಿಎಲ್ -ಕೆ ಕೊಟ್ಟು ಕರ್ನಲ್ ಸಂದೇಶಗಳಲ್ಲಿ ಔಟ್ ಆಫ್ ಮೆಮೊರಿ ಅನ್ನೋ ಸಾಲು ಹುಡುಕಿ, ಪಿಐಡಿ ಮತ್ತು ಹೆಸರು ಎರಡೂ ಅಲ್ಲಿರುತ್ತವೆ. ಸೋರಿಸುವ ಸರ್ವೀಸ್ ಯಾವುದು ಅಂತ ಗೊತ್ತಾದರೆ ಅದರ ಫೈಲಿನಲ್ಲಿ ಮೆಮೊರಿಮ್ಯಾಕ್ಸ್ ಅಂತ ಒಂದು ಸಾಲು ಸೇರಿಸಿ, 500 ಎಂಬಿ ಅಂತಲೋ ಎಷ್ಟು ಸರಿಯೋ ಅಷ್ಟು ಮಿತಿ ಕೊಡಿ, ಡೀಮನ್-ರೀಲೋಡ್ ಮಾಡಿ ರೀಸ್ಟಾರ್ಟ್ ಮಾಡಿ. ಮುಂದಿನ ಸಲ ಆ ಮಿತಿ ದಾಟಿದರೆ ಕರ್ನಲ್ ಆ ಗುಂಪಿನೊಳಗೇ ಕೈ ಹಾಕುತ್ತದೆ, ಡೇಟಾಬೇಸ್ ತಂಟೆಗೆ ಹೋಗುವುದಿಲ್ಲ.